ಇದರಾಗ ಇನ್ನೊಂದು ಬಣ್ಣ

ಹತ್ತೊಂಬತ್ತು ವರ್ಷ ನಿಂತೀನಿ
ದಾಜಿಬಾನ ಪೇಟೆಯ ಈ ಸೀರಿ ಅಂಗಡ್ಯಾಗ.
ಕೂಡೂದು ಗಿರಾಕಿ, ನಿಲ್ಲೂದು ನಾವು.
ಮೊದಲು ಗಾದಿ ಇತ್ತು, ಬಿಳಿ ಹಾಸು ಇತ್ತು,
ಕಾಲು ಮಡಚಿ ಕುಂತಽ ಸೀರಿ ಬಿಚ್ಚತಿದ್ದಿವಿ.
ಆಮ್ಯಾಲೆ ಗ್ರಾನೈಟ್ ಬಂತು, ಎ.ಸಿ. ಬಂತು,
ಗಾಜಿನ ಕೌಂಟರ್ ಎದಿಮಟ ಎದ್ದು ನಿಂತಿತು,
ಅದರ ಜೋಡಿ ನಾವೂ.

ಎರಡು ವರ್ಷದ ಹಿಂದ ಒಂದು ಮುಂಜಾನಿ
ಹಾಸಿಗಿ ಬಿಟ್ಟು ಮೊದಲ ಹೆಜ್ಜಿ ಇಟ್ಟರ
ನೆಲದಾಗ ಯಾರೋ ದಬ್ಬಣ ನೆಟ್ಟು ಕಾಯ್ತಿದ್ದಂಗ.
ಗ್ವಾಡಿ ಹಿಡಕೊಂಡು ಬಚ್ಚಲಕ್ಕ ಹೋದೆ.
ಹತ್ತು ಹೆಜ್ಜಿಗೆ ತುಸು ಮೆತ್ತಗ,
ಹತ್ತು ತಾಸಿಗೆ ಮತ್ತ ಕೆಂಡ.

ಅತ್ತಿ ಇಟ್ಟಂಗಿ ಕಾಸಿ ಎಕ್ಕಿ ಎಲಿ ಹಾಸಿ
"ತುಳಿ" ಅಂದರು. ತುಳದೆ.
ಹಸೀನಾ ತನ್ನ ಮೆತ್ತನ ಚಪ್ಲಿ ಕೊಟ್ಟಳು,
ಧಣಿ "ಗಿರಾಕಿ ಮುಂದ ಚಪ್ಲಿ ಬ್ಯಾಡ" ಅಂದರು.
ದೊಡ್ಡ ದವಾಖಾನ್ಯಾಗ ಹಾಕಿದ ಮೊದಲ ಸೂಜಿ
ಮೂರು ತಿಂಗಳು ನೋವಿನ ಬಾಯಿ ಮುಚ್ಚಿತ್ತು,
ನಾಕನೇ ತಿಂಗಳು ಬಡ್ಡಿ ಸಮೇತ ವಸೂಲಿ.

ಈಗ ವಿದ್ಯಾನಗರದ ಡಾಕ್ಟರ್ ಹಂಚಿನಮನಿ ಹೇಳ್ತಾರ:
"ಹೊರಗಿನ ಔಷಧ ಅಲ್ಲ ಅಕ್ಕಾರ,
ನಿಮ್ಮ ರಕ್ತ ತಗೊಂಡು ನಿಮಗಽ ಹಾಕೂದು."
"ಅಂದರ ನಂದು ನನಗಽ ಮಾರ್ತೀರೇನ್ರಿ?"
ನಕ್ಕರು. ರೇಟು ಮಾತ್ರ ಕಡಿಮಿ ಮಾಡಲಿಲ್ಲ.
ದೀಪಾವಳಿ ಬೋನಸ್, ಮ್ಯಾಲೆ ಚೀಟಿ ರೊಕ್ಕ
ಎಣಿಸಿ ಇಟ್ಟೆ.
"ಗುಣ ಆಗೇ ಆಗತೈತೇನ್ರಿ?"
"ಭಾಳ ಮಂದಿಗೆ ಆಗೇತಿ. ಎಲ್ಲಾರಿಗೂ ಅಂತ ಹೇಳಂಗಿಲ್ಲ."
ನಾನಾಗಿದ್ರ "ಬಣ್ಣ ಹೋಗಂಗೇ ಇಲ್ರಿ" ಅಂತ
ಆಣಿ ಮಾಡಿ ಮಾರತಿದ್ದೆ.

ಮೊಣಕೈ ಮಡಿಕಿಯಿಂದ ತಗದ ಕೆಂಪು
ಒಂದು ಮಷೀನಿನ ಹೊಟ್ಟ್ಯಾಗ ಗಿರ್ರ್ ಅಂತ ತಿರುಗಿತು.
ಗಾಜಿನ ನಳಿಗಿ ಹೊರಗ ಬಂದಾಗ
ಅಡಿಗೆ ದಟ್ಟ ಕುಂಕುಮ,
ನಡುವ ಎಳಿಯಷ್ಟು ಬಿಳಿ ಅಂಚು,
ಮ್ಯಾಲೆ...
ಮ್ಯಾಲಿನ ಬಣ್ಣಕ್ಕ ಹೆಸರು ಹುಡುಕಿದೆ.
ಸಾವಿರ ಬಣ್ಣ ಬಾಯಿಪಾಠ ನನಗ.
ಗೋಧಿ ಅಲ್ಲ, ಜೇನು ಅಲ್ಲ, ನಿಂಬಿ ಅಲ್ಲ,
ಲಗ್ನದಾಗ ಅರಿಶಿಣ ಹಚ್ಚಿ ಮೂರನೇ ದಿನ
ತೊಳದ ಮ್ಯಾಲೂ ಅಂಗೈಯಾಗ ಉಳೀತೈತಲ್ಲ,
ಆ ಬಣ್ಣ.
ಇಷ್ಟು ವರ್ಷ ಮೈಯಾಗ ಇಟಗೊಂಡು ಓಡ್ಯಾಡೀನಿ,
"ಇದರಾಗ ಇನ್ನೊಂದು ಬಣ್ಣ ತೋರ್ಸವಾ" ಅಂತ
ನನ್ನ ಕಡೆ ಬೆರಳು ಮಾಡಿ ಯಾರೂ ಕೇಳಿರಲಿಲ್ಲ.

ಸಣ್ಣ ಟಿ.ವಿ.ಯಂಥಾದ್ದರಾಗ ಹಿಮ್ಮಡದ ಒಳಗ ನೋಡಕೋತ
ಸೂಜಿ ಬಿಟ್ಟರು.
ಕಣ್ಣ ಮುಂದ ದುರ್ಗದ ಬೈಲಿನ ದೀಪ ಎಲ್ಲಾ
ಒಮ್ಮೆಲೆ ಹತ್ತಿದವು.
ಬಾಯಿಗೆ ಒಂದು ಬೈಗುಳ ಬಂತು,
ಯಾರಿಗೆ ಅಂತ ಗೊತ್ತಾಗದಽ ನುಂಗಿದೆ.
"ನಾಕು ದಿನ ನೋವು ಹೆಚ್ಚಾಗತೈತಿ, ಅಂಜಬ್ಯಾಡ್ರಿ.
ನೋವಿನ ಗುಳಿಗಿ ಬ್ಯಾಡ, ಬರ್ಫ ಬ್ಯಾಡ.
ಆ ಉರಿ ಕಂಡರಽ ಮೈಗೆ ಎಚ್ಚರ,
ಹರದಲ್ಲಿ ತಾನಽ ಹೊಲಕೊಳ್ಳೂದು."

ಉರೀತು.
ಚಿಗರಿ ಬಸ್ಸಿನಾಗ ಒಬ್ಬ ಕಾಲೇಜು ಹುಡುಗ
ಕೇಳದಽ ಎದ್ದು ಜಾಗಾ ಕೊಟ್ಟ. ಕುಂತೆ.
ಇಳಿಯೂ ಜಾಗಾ ದಾಟಿ
ಎರಡು ಸ್ಟಾಪ್ ಮುಂದ ಹೋಗಿ ಇಳದೆ, ಬೇಕಂತಽ.

ಧಣಿ ಎಂಟು ದಿನ ರಜಾ ಕೊಟ್ಟರು, ಪಗಾರ ಮುರಕೊಂಡು.
ತಿರುಗಿ ಹೋದಾಗ ಕೌಂಟರ್ ಹಿಂದ ಒಂದು ಸ್ಟೂಲು,
ಮ್ಯಾಲೆ ಹಳೇ ಬ್ಲೌಸ್ ಪೀಸಿನ ಹಾಸು.
ಯಾರು ತಂದರು ಅಂತ ಯಾರೂ ಹೇಳಲಿಲ್ಲ.
ಹಸೀನಾ ಫಾಲ್ ಹಚ್ಚೂದರಾಗ ತಲಿ ಬಗ್ಗಿಸಿದ್ದಳು.
ಧಣಿ ಬಂದಾಗ ಏಳತೀನಿ, ಹೋದ ಮ್ಯಾಲೆ ಕುಂಡ್ರತೀನಿ.
ಅವರೂ ಈಗೀಗ
ಕೆಮ್ಮಿ ಒಳಗ ಬರ್ತಾರ.

ಆರನೇ ವಾರ ಇದು.
ಇವತ್ತು ಮುಂಜಾನಿ ಹಾಸಿಗಿಯಿಂದ ಕಾಲು ಇಳಿಸಿದೆ,
ಕೈ ಗ್ವಾಡಿ ಹುಡುಕತಿತ್ತು, ರೂಢಿ.
ಒಂದು ಹೆಜ್ಜಿ. ಬರಲಿಲ್ಲ.
ಎರಡು. ಮೂರು.
ಬಚ್ಚಲದ ಹೊಸ್ತಿಲಕ್ಕ ಬಂದಾಗ ಬಂತು ನೋವು,
ಏದುಸಿರು ಬಿಡಕೋತ, ಬಸ್ಸು ತಪ್ಪಿದ ಹುಡುಗಿಯಂಗ.
ಹತ್ತು ನಿಮಿಷ ತಡಾ ಆದರ ನಮ್ಮ ಅಂಗಡ್ಯಾಗ
ಅರ್ಧಾ ದಿನದ ಪಗಾರ ಕಟ್.
ನಾನೇನೂ ಕಟ್ ಮಾಡಲಿಲ್ಲ.
ನಾಳೆ ಇನ್ನೂ ತಡಾ ಮಾಡಿ ಬಾ ಅಂದೆ.